ಮಗುವಿಗೂ ಒಂದು ಸೀಟು ಹೇಳಿಡೋಣ

ನಮ್ಮ ಕಾಸರಗೋಡಿನ ಕಡೆ ಮುಂಚಿತವಾಗಿ ಹೇಳಿಡುವ ಅಭ್ಯಾಸ ಇಲ್ಲ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಮದುವೆಗೆ ಹಾಲ್ ಹೇಳಿಡುತ್ತೇವೆ. ಪೂಜೆಗೆ ಭಟ್ಟರಿಗೆ ಹೇಳಿಡುತ್ತೇವೆ. ರೈಲಿನ ಸೀಟು ತಿಂಗಳ ಮೊದಲೇ ಮಾಡಿಸುತ್ತೇವೆ. ಓಣಂ ಬಂತೆಂದರೆ ಹೋಟೆಲಿನ ಸದ್ಯ ಊಟಕ್ಕೂ ಇಷ್ಟು ಎಲೆ ಎಂದು ಮೊದಲೇ ಬುಕ್ ಮಾಡುವವರು ಎಷ್ಟೋ ಮಂದಿ. ಆದರೆ ಸಾಮಾನ್ಯ ದಿನ ಹೋಟೆಲಿಗೆ ಹೋಗುವಾಗ ಮಾತ್ರ ಫೋನ್ ಮಾಡಿ ಟೇಬಲ್ ಹೇಳಿಡುವುದು ದೊಡ್ಡ ಪೇಟೆಯವರ ದೌಲತ್ತು ಎಂಬ ಭಾವನೆ ನಮ್ಮಲ್ಲಿ ಉಂಟು. ನೇರ ಒಳಗೆ ಹೋಗುವುದು, ಊಟ ಮುಗಿಸುತ್ತಿರುವವರ ಕುರ್ಚಿಯ ಹಿಂದೆ ನಿಲ್ಲುವುದು, ಅವರು ಕೈ ತೊಳೆಯಲು ಎದ್ದ ಕೂಡಲೇ ಕುಳಿತುಬಿಡುವುದು - ಇದು ನಮ್ಮ ಪದ್ಧತಿ.

ದೊಡ್ಡವರು ಮಾತ್ರ ಹೋಗುವಾಗ ಈ ಪದ್ಧತಿಯಿಂದ ತೊಂದರೆಯಿಲ್ಲ. ಜೊತೆಯಲ್ಲಿ ಆರು ತಿಂಗಳಿನದ್ದೋ ಹತ್ತು ತಿಂಗಳಿನದ್ದೋ ಮಗುವಿದ್ದರೆ ಇದು ನಡೆಯುವುದಿಲ್ಲ. ಮಗು ಇರುವ ಮನೆಯವರು ಹೋಟೆಲಿಗೆ ಹೊರಡುವ ಮೊದಲು ಒಂದು ಫೋನ್ ಮಾಡಬೇಕು, ಹೋಟೆಲಿನವರು ಅದನ್ನು ವಿಚಿತ್ರವೆಂದು ನೋಡದೆ ದಿನನಿತ್ಯದ ವಿಷಯದಂತೆ ತೆಗೆದುಕೊಳ್ಳಬೇಕು ಎಂಬುದು ನಮ್ಮ ಅಭಿಪ್ರಾಯ. ಶಾಲಾ ಮಾಸ್ತರರಿಗೆ ಹೋಟೆಲಿನ ಉಸಾಬರಿ ಯಾಕೆ ಎಂದು ಕೇಳಬೇಡಿ. ಕಾರಣ ಮುಂದೆ ಹೇಳುತ್ತೇವೆ.

ಮೊದಲನೆಯದಾಗಿ, ಮಗುವನ್ನು ಕಟ್ಟಿಕೊಂಡು ಹೋಟೆಲಿಗೆ ಹೋಗುವುದು ನಮ್ಮಲ್ಲಿ ಶೋಕಿಗಾಗಿ ಅಲ್ಲ. ಮಗುವನ್ನು ದೊಡ್ಡ ಡಾಕ್ಟರಿಗೆ ತೋರಿಸಲು ಇಲ್ಲಿಂದ ಸುಮಾರು 50 ಕಿಲೋಮೀಟರ್ ದೂರದ ಮಂಗಳೂರಿಗೆ ಹೋಗುವವರು ನಮ್ಮಲ್ಲಿ ಬಹಳ. ಬೆಳಿಗ್ಗೆ ಹೊರಟರೆ ಚೀಟಿ ಮಾಡಿಸಿ, ಕಾದು, ತೋರಿಸಿ, ಮದ್ದು ತೆಗೆದುಕೊಳ್ಳುವಾಗ ಮಧ್ಯಾಹ್ನ ಒಂದು ಗಂಟೆ. ಸರಿಯಾಗಿ ಹೋಟೆಲುಗಳಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತು. ಇಲ್ಲವೇ ದೇವಸ್ಥಾನದಲ್ಲಿ ಅನ್ನಪ್ರಾಶನ ಮುಗಿಸಿ ಹತ್ತು ಜನ ಒಟ್ಟಿಗೆ ಊಟಕ್ಕೆ ಹೋಗುವುದುಂಟು. ಇಲ್ಲವೇ ಮದುವೆ ಜವಳಿ ತೆಗೆಯಲು ಇಡೀ ಮನೆ ಪೇಟೆಗೆ ಬಂದಿರುತ್ತದೆ. ಹಸಿವು ಎಲ್ಲರಿಗೂ ಒಂದೇ. ಆದರೆ ಕಾಯುವ ಶಕ್ತಿ ಮಗುವಿಗೆ ಇಲ್ಲ.

ಆಗ ಏನಾಗುತ್ತದೆ ಎಂದು ನೀವೆಲ್ಲ ನೋಡಿದ್ದೀರಿ. ಗಂಡಸರಿಗೆ ಒಂದು ಟೇಬಲಿನಲ್ಲಿ ಎರಡು ಸೀಟು, ಅಜ್ಜಿಗೆ ಇನ್ನೊಂದರಲ್ಲಿ ಒಂದು ಸೀಟು ಸಿಗುತ್ತದೆ. ಮಗುವನ್ನು ಹೆಗಲಿಗೆ ಹಾಕಿಕೊಂಡ ತಾಯಿ ಹೊರಗೆ ಜಗಲಿಯಲ್ಲಿ ಅತ್ತಿಂದಿತ್ತ ನಡೆಯುತ್ತಾಳೆ. ಉಳಿದವರ ಊಟ ಮುಗಿದ ಮೇಲೆ ಅವಳ ಸರದಿ. ಅಷ್ಟರಲ್ಲಿ ಪಲ್ಯ ಮುಗಿದಿರುತ್ತದೆ, ಬಸ್ಸಿನ ಹೊತ್ತಾಗಿರುತ್ತದೆ, ಮಗು ಅಳುತ್ತಿರುತ್ತದೆ. ನಾಲ್ಕು ತುತ್ತು ತಿಂದು ಏಳುತ್ತಾಳೆ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕಿಲೋಕ್ಯಾಲರಿ ಹೆಚ್ಚು ಆಹಾರ ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು. ಎಲ್ಲರಿಗಿಂತ ಹೆಚ್ಚು ಉಣ್ಣಬೇಕಾದವಳು ಎಲ್ಲರಿಗಿಂತ ಕಡಿಮೆ, ಎಲ್ಲರಿಗಿಂತ ಕಡೆಗೆ ಉಣ್ಣುತ್ತಾಳೆ. ಎರಡು ಸಲ ಹೀಗಾದರೆ ಮೂರನೆಯ ಸಲ ಅವಳೇ ಹೇಳುತ್ತಾಳೆ, "ನೀವೆಲ್ಲ ಹೋಗಿ ಬನ್ನಿ, ನಾನು ಮಗುವಿನ ಜೊತೆ ಮನೆಯಲ್ಲೇ ಇರುತ್ತೇನೆ" ಎಂದು. ಮತ್ತೆ ಒಂದೆರಡು ವರ್ಷ ಅವಳು ಎಲ್ಲಿಗೂ ಬರುವುದಿಲ್ಲ. ಶಾಲೆಯ ರಕ್ಷಕರ ಸಭೆಗೂ ಬರುವುದಿಲ್ಲ. ನಾವು ಈ ಉಸಾಬರಿಗೆ ಬಂದದ್ದು ಇದಕ್ಕೇ. ಒಂದನೇ ತರಗತಿಯ ಮಗುವಿನ ತಾಯಿ ಸಭೆಗೆ ಯಾಕೆ ಬರಲಿಲ್ಲ ಎಂದು ವಿಚಾರಿಸಿದರೆ, ಎಷ್ಟೋ ಸಲ ಕಾರಣ ಮನೆಯಲ್ಲಿರುವ ಕೈಕೂಸು.

ಇನ್ನು ಫೋನಿನಲ್ಲಿ ಏನು ಹೇಳಬೇಕು? "ನಾಲ್ಕು ಜನಕ್ಕೆ ಟೇಬಲ್" ಎಂದಷ್ಟೇ ಹೇಳಿದರೆ ಸಾಲದು. ಮಗು ಉಂಟು ಎಂದು ಹೇಳಬೇಕು, ಅದರ ಪ್ರಾಯವನ್ನೂ ಹೇಳಬೇಕು. ಸಾಮಾನ್ಯವಾಗಿ ಆರು ತಿಂಗಳ ಆಸುಪಾಸಿನವರೆಗೆ ಮಗು ತಾನಾಗಿ ಕೂರುವುದಿಲ್ಲ. ಅದಕ್ಕೆ ಎತ್ತರದ ಮಗುಕುರ್ಚಿ ಉಪಯೋಗವಿಲ್ಲ, ತಾಯಿಯ ಪಕ್ಕದಲ್ಲಿ ಅಗಲ ಜಾಗ ಬೇಕು. ಕೂರುವ ಮಗುವಾದರೆ ಕುರ್ಚಿ ಉಂಟೋ, ಅದಕ್ಕೆ ಬೆಲ್ಟ್ ಉಂಟೋ ಎಂದು ಕೇಳಬೇಕು. ಬೆಲ್ಟ್ ಇಲ್ಲದ ಎತ್ತರದ ಕುರ್ಚಿಗಿಂತ ಅಜ್ಜಿಯ ಮಡಿಲು ಮೇಲು.

ಜಾಗ ಯಾವುದು ಎಂಬುದೂ ಮುಖ್ಯ. ಅಡುಗೆಮನೆಯ ಬಾಗಿಲಿನ ಹತ್ತಿರ ಬೇಡ, ಸಪ್ಲೈಯರುಗಳು ಓಡಾಡುವ ದಾರಿಯ ಅಂಚು ಬೇಡ. ಕೊದಿಯುವ ಸಾಂಬಾರಿನ ಬಕೆಟ್, ಚಹಾದ ಟ್ರೇ ಮಗುವಿನ ತಲೆಯ ಮಟ್ಟದಲ್ಲೇ ಹೋಗುತ್ತವೆ. ಮಗುವಿನ ಚರ್ಮ ದೊಡ್ಡವರ ಚರ್ಮಕ್ಕಿಂತ ತೆಳು, ಅದೇ ಬಿಸಿಗೆ ಬೇಗ ಮತ್ತು ಆಳವಾಗಿ ಸುಡುತ್ತದೆ. ಗೋಡೆ ಬದಿಯ ಮೂಲೆ ಟೇಬಲ್ ಕೇಳುವುದು ಡೌಲಿಗಲ್ಲ, ಇದಕ್ಕಾಗಿ. ಸಮಯವನ್ನೂ ಮಗುವಿನ ನಿದ್ದೆ ನೋಡಿ ಇಟ್ಟುಕೊಳ್ಳಬೇಕು. ಹನ್ನೆರಡಕ್ಕೆ ಮೊದಲು ಅಥವಾ ಎರಡರ ನಂತರ ಎಂದರೆ ಹೋಟೆಲಿನವರಿಗೂ ಸುಲಭ.

ಊಟದ ಬಗ್ಗೆ ಎರಡು ಮಾತು. ಆರು ತಿಂಗಳವರೆಗೆ ತಾಯಿಯ ಹಾಲು ಮಾತ್ರ, ಆಮೇಲೆ ಹಾಲಿನ ಜೊತೆಗೆ ಮೆತ್ತಗಿನ ಆಹಾರ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಾಗಿ ಮಣ್ಣಿ, ಬಾಳೆಕಾಯಿ ಪುಡಿಯ ಮಣ್ಣಿ ಮನೆಯಿಂದಲೇ ತರುವವರಿಗೆ ಹೋಟೆಲಿನಿಂದ ಬೇಕಾದದ್ದು ಒಂದು ಲೋಟ ಕುದಿಸಿ ಆರಿಸಿದ ನೀರು ಮಾತ್ರ. ನಮ್ಮ ಕಡೆಯ ಹೋಟೆಲುಗಳಲ್ಲಿ ಕೊಡುವ ಕೆಂಪು ಬಣ್ಣದ ಪದಿಮುಗಂ ನೀರಲ್ಲ, ಬರೀ ನೀರು ಎಂದು ಬಿಡಿಸಿ ಹೇಳಿ. ಅನ್ನ ತಿನ್ನುವ ಮಗುವಾದರೆ ಖಾರ ಹಾಕದ ಬೇಳೆ, ಮೆತ್ತಗಿನ ಅನ್ನ, ಇಡ್ಲಿ ಸಾಕು. ಪಕ್ಕದ ಟೇಬಲಿನವರು ಪ್ರೀತಿಯಿಂದ ನೆಲಗಡಲೆ, ಮಿಕ್ಸ್ಚರ್ ಕೈಗೆ ಕೊಡುವುದುಂಟು. ಗಂಟಲಲ್ಲಿ ಸಿಕ್ಕಿಕೊಳ್ಳುವ ವಸ್ತು ಅದು, ನಯವಾಗಿ ಬೇಡವೆನ್ನಿ. ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸುವುದೂ ಅಪಾಯವೇ.

ಈಗ ಮಾತಿನ ಪ್ರಶ್ನೆ. ಗಡಿನಾಡಿನವರಾದ ನಮಗೆ ಇದು ಸಣ್ಣ ವಿಷಯವಲ್ಲ. ಫೋನ್ ಎತ್ತಿದವರು ಮಲಯಾಳದಲ್ಲಿ ಮಾತಾಡಿದರೆ ಏನು ಮಾಡುವುದು ಎಂಬ ಅಳುಕಿನಿಂದಲೇ ಫೋನ್ ಮಾಡದೆ ಇರುವ ಕನ್ನಡ ತಾಯಂದಿರು ನಮ್ಮಲ್ಲಿದ್ದಾರೆ. ಎದುರೆದುರು ನಿಂತರೆ ಕೈಸನ್ನೆ, ನಗು ಎಲ್ಲ ಸಹಾಯಕ್ಕೆ ಬರುತ್ತದೆ. ಫೋನಿನಲ್ಲಿ ಬರೀ ಮಾತು. ಆದರೆ ಸ್ವಲ್ಪ ಯೋಚಿಸಿ ನೋಡಿ. ನಾವು "ಮಗು ಉಂಟು" ಎನ್ನುತ್ತೇವೆ. ತುಳುವಿನಲ್ಲಿ "ಬಾಲೆ ಉಂಡು". ಮಲಯಾಳದಲ್ಲಿ "ಕುಞ್ಞ್ ಉಂಡ್". ಮೂರರಲ್ಲೂ ಕಡೆಯ ಶಬ್ದ ಒಂದೇ ಮನೆಯದ್ದು. ಅಷ್ಟು ಹತ್ತಿರದ ಮಾತಿಗೆ ಹೆದರುವುದೇಕೆ? ಕನ್ನಡದಲ್ಲೇ ಶುರು ಮಾಡಿ. ಕಾಸರಗೋಡು ಪೇಟೆಯಲ್ಲಿ ಗಲ್ಲದಲ್ಲಿ ಕುಳಿತವರಿಗೆ ಅಷ್ಟು ಕನ್ನಡ ಅರ್ಥವಾಗುತ್ತದೆ. ಅರ್ಥವಾಗದಿದ್ದರೆ ಅವರ ಮಾತಿನಲ್ಲಿ ಎರಡು ಶಬ್ದ ಹೇಳಿದರೆ ನಮ್ಮ ಕನ್ನಡವೇನೂ ಸವೆಯುವುದಿಲ್ಲ.

ಅಧ್ಯಾಪಕ ಬಂಧುಗಳಲ್ಲಿ ಒಂದು ಸೂಚನೆ. ತರಗತಿಯಲ್ಲಿ ಸಂಭಾಷಣೆ ಬರೆಸುವಾಗ ಗೆಳೆಯರಿಬ್ಬರ ಕ್ಷೇಮಸಮಾಚಾರವನ್ನೇ ಎಷ್ಟು ಸಲ ಬರೆಸುವುದು? "ನಿನ್ನ ತಮ್ಮನಿಗೆ ಎಂಟು ತಿಂಗಳು. ನಾಳೆ ಮನೆಯವರೆಲ್ಲ ಊಟಕ್ಕೆ ಹೋಗುತ್ತಿದ್ದೀರಿ. ಹೋಟೆಲಿಗೆ ಫೋನ್ ಮಾಡು" ಎಂದು ಕೊಟ್ಟು ನೋಡಿ. ಎಷ್ಟು ಜನ, ಎಷ್ಟು ಹೊತ್ತಿಗೆ, ಯಾರ ಹೆಸರಿನಲ್ಲಿ, ಏನು ಬೇಕು, ಕಡೆಗೆ ಹೇಳಿದ್ದನ್ನು ಮತ್ತೊಮ್ಮೆ ಹೇಳಿಸುವುದು - ಭಾಷೆಯ ಪಾಠವೂ ಆಯಿತು, ಬದುಕಿನ ಪಾಠವೂ ಆಯಿತು. ನಮ್ಮ ಮಕ್ಕಳು ಎರಡು ಮೂರು ಭಾಷೆ ಆಡುವವರು. ಐದನೆಯ ತರಗತಿಯ ಅಕ್ಕ ಮನೆಯವರ ಪರವಾಗಿ ಫೋನ್ ಮಾಡಿದರೆ ಅಮ್ಮನ ಅಳುಕೂ ಹೋಗುತ್ತದೆ.

ಹಾಲೂಡಿಸುವ ವಿಷಯ ಹೇಳದೆ ಈ ಮಾತು ಪೂರ್ತಿಯಾಗುವುದಿಲ್ಲ. "ಫ್ಯಾಮಿಲಿ ರೂಮ್ ಉಂಟಲ್ಲ, ಪರದೆಯ ಹಿಂದೆ ಕೂರಲಿ" ಎಂದು ಹಲವರು ಹೇಳುತ್ತಾರೆ. ಕೂರಬೇಕೆಂದು ತಾಯಿಗೆ ಅನಿಸಿದರೆ ಕೂರಲಿ, ಅದನ್ನೇ ಫೋನಿನಲ್ಲಿ ಕೇಳಿಡಲಿ. ಆದರೆ ಸೆಕೆಯಲ್ಲಿ ಫ್ಯಾನಿಲ್ಲದ ಮೂಲೆಗೆ ಅವಳನ್ನು ಕಳುಹಿಸುವುದು ಬೇರೆಯವರ ತೀರ್ಮಾನ ಆಗಬಾರದು. 2018ರ ಮಾರ್ಚಿನಲ್ಲಿ ಮಲಯಾಳದ 'ಗೃಹಲಕ್ಷ್ಮಿ' ಪತ್ರಿಕೆ ಹಾಲೂಡಿಸುವ ಚಿತ್ರವನ್ನು ಮುಖಪುಟದಲ್ಲಿ ಹಾಕಿದಾಗ ದೊಡ್ಡ ಗಲಾಟೆಯಾಯಿತು. ವಿಷಯ ಕೇರಳ ಹೈಕೋರ್ಟಿನವರೆಗೂ ಹೋಯಿತು, ಕೋರ್ಟು ಅದರಲ್ಲಿ ಅಶ್ಲೀಲವಾದದ್ದೇನೂ ಇಲ್ಲ ಎಂದಿತು. ಪತ್ರಿಕೆಯ ಚಿತ್ರವೇ ಅಶ್ಲೀಲವಲ್ಲದಿದ್ದರೆ, ಹಸಿದ ಮಗುವಿಗೆ ಸೆರಗಿನ ಮರೆಯಲ್ಲಿ ಹಾಲು ಕೊಡುವ ತಾಯಿಯನ್ನು ತಿರುತಿರುಗಿ ನೋಡುವವರದ್ದೇ ತಪ್ಪು. ಸಿಗರೇಟಿನ ಹೊಗೆಯ ವಿಷಯದಲ್ಲಿ ನಮ್ಮ ಕೇರಳ ಮುಂದೆ ನಡೆದ ರಾಜ್ಯ. 1999ರಲ್ಲೇ ಹೈಕೋರ್ಟು ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ನಿಷೇಧಿಸಿತು, ದೇಶಕ್ಕೆ ಕಾನೂನು ಬಂದದ್ದು 2003ರಲ್ಲಿ. ಆಗಲೂ "ಇದೆಲ್ಲ ನಡೆಯುತ್ತದಾ" ಎಂದು ನಕ್ಕವರಿದ್ದರು. ಅಭ್ಯಾಸ ಬದಲಾಗುತ್ತದೆ.

ಹೋಟೆಲಿನವರ ಕಷ್ಟವನ್ನೂ ನೋಡಬೇಕು. ಮಧ್ಯಾಹ್ನದ ಒಂದೂವರೆ ಗಂಟೆಯ ವ್ಯಾಪಾರದಲ್ಲೇ ಅವರ ದಿನದ ಲೆಕ್ಕ. ಹೇಳಿಟ್ಟ ಟೇಬಲ್ ಅರ್ಧ ಗಂಟೆ ಖಾಲಿ ಬಿದ್ದರೆ ನಷ್ಟ ಅವರದ್ದು, ಕಾಯುತ್ತಿರುವವರ ಬೈಗುಳವೂ ಅವರಿಗೇ. ಹಾಗಾಗಿ ಹೇಳಿಡುವವರಿಗೆ ಜವಾಬ್ದಾರಿ ಉಂಟು. ಹೇಳಿದ ಹೊತ್ತಿಗೆ ಹೋಗಬೇಕು. ಡಾಕ್ಟರ ಹತ್ತಿರ ತಡವಾದರೆ ಇನ್ನೊಂದು ಫೋನ್ ಮಾಡಬೇಕು. ಹೋಗುವುದಿಲ್ಲವೆಂದಾದರೆ ಅದನ್ನೂ ಹೇಳಬೇಕು. ಕಾಲು ಗಂಟೆ ಕಾದು ಟೇಬಲ್ ಬಿಟ್ಟುಕೊಟ್ಟರೆ ಜಗಳಾಡಬಾರದು. ಮಗು ನೆಲದಲ್ಲಿ ಚೆಲ್ಲಿದ್ದನ್ನು ಒರೆಸಲು ಒಂದು ಬಟ್ಟೆ ಚೀಲದಲ್ಲಿರಲಿ, ಡೈಪರನ್ನು ಊಟದ ಟೇಬಲಿನ ಮೇಲೆ ಬದಲಾಯಿಸುವ ಕೆಲಸ ಖಂಡಿತ ಬೇಡ. ಮಗು ಅತ್ತರೆ ಸ್ವಲ್ಪ ಹೊತ್ತು ಎತ್ತಿಕೊಂಡು ಹೊರಗೆ ಹೋಗುವುದು ಅಪ್ಪನ ಕೆಲಸವೂ ಹೌದು. ಇಷ್ಟು ನಾವು ಮಾಡಿದರೆ ಫೋನ್ ಎತ್ತಿದವರು "ಅದೆಲ್ಲ ಇಲ್ಲಿ ಆಗುವುದಿಲ್ಲ, ಬಂದರೆ ನೋಡುವ" ಎಂದು ಇಡಲು ಕಾರಣ ಉಳಿಯುವುದಿಲ್ಲ. ಅಂಥ ಉತ್ತರ ನಮಗೂ ಸಿಕ್ಕಿದ್ದುಂಟು. ಸಿಕ್ಕಿದರೆ ಜಗಳ ಬೇಡ, ಇನ್ನೊಂದು ಹೋಟೆಲಿಗೆ ಮಾಡಿ. ಕೇಳುವವರು ಹೆಚ್ಚಾದರೆ ಕೊಡುವವರೂ ಹೆಚ್ಚಾಗುತ್ತಾರೆ. ಮಗುವಿನ ಸಮೇತ ನೆಮ್ಮದಿಯಾಗಿ ಉಂಡ ಮನೆಯವರು ಮುಂದಿನ ಹತ್ತು ವರ್ಷ ಅದೇ ಹೋಟೆಲಿಗೆ ಬರುತ್ತಾರೆ ಎಂಬುದು ಯಾವ ಹೋಟೆಲ್ ಸಾಹುಕಾರರಿಗೂ ಗೊತ್ತಿಲ್ಲದ ಲೆಕ್ಕವಲ್ಲ.

ಕಡೆಯದಾಗಿ, ಹೋಟೆಲಿನವರಿಗೆ ಹೇಳುವ ಮೊದಲು ನಮ್ಮ ಶಾಲೆಗಳೂ ಇದನ್ನು ಮಾಡಿ ತೋರಿಸಬೇಕು. ವಾರ್ಷಿಕೋತ್ಸವದ ಊಟಕ್ಕೆ ಎಷ್ಟು ಜನ ಎಂದು ಲೆಕ್ಕ ಹಾಕುವಾಗ ಕೈಕೂಸುಗಳನ್ನೂ ಬರೆದುಕೊಳ್ಳೋಣ. ಮೊದಲ ಪಂಕ್ತಿಯಲ್ಲಿ ಗಣ್ಯರ ಪಕ್ಕದಲ್ಲೇ ಮಗುವಿರುವ ತಾಯಂದಿರಿಗೂ ಎಲೆ ಹಾಕೋಣ. ಫ್ಯಾನಿರುವ ಒಂದು ತರಗತಿ ಕೋಣೆ, ಒಂದು ಚಾಪೆ, ಒಂದು ಹಂಡೆ ಬಿಸಿನೀರು. ಇದಕ್ಕೆ ಯಾವ ಇಲಾಖೆಯ ಅನುದಾನವೂ ಬೇಡ. ಮತ್ತೆ ನಮ್ಮ ಪೇಟೆಯ ಹೋಟೆಲುಗಳಲ್ಲಿ ಇಂದಿನ ವಿಶೇಷ ಬರೆಯುವ ಕರಿಹಲಗೆಯ ಕೆಳಗೆ ಕನ್ನಡದಲ್ಲೂ ಮಲಯಾಳದಲ್ಲೂ ಒಂದು ಸಾಲು ಬರೆಯಲು ಕೇಳೋಣ: "ಮಗುವಿನ ಕುರ್ಚಿ ಉಂಟು, ಫೋನ್ ಮಾಡಿ ಬನ್ನಿ."