ಕಳಚಿ ಜೋಡಿಸುವ ಕೀಲಿ ನಿಜಕ್ಕೂ ನಮ್ಮದೇ?

ಪೂರ್ಣ ಗಾತ್ರದ ಕಂಪ್ಯೂಟರ್ ಕೀಬೋರ್ಡಿನಲ್ಲಿ ನೂರಕ್ಕೂ ಹೆಚ್ಚು ಕೀಲಿಗಳಿರುತ್ತವೆ. ಅವುಗಳಲ್ಲಿ ಒಂದು ಕೆಟ್ಟರೂ ನಾವು ಸಾಮಾನ್ಯವಾಗಿ ಇಡೀ ಕೀಬೋರ್ಡನ್ನೇ ಮೂಲೆಗೆ ಹಾಕಿ ಹೊಸದನ್ನು ತರುತ್ತೇವೆ. ಬೇರೆ ದಾರಿಯೂ ಇರುವುದಿಲ್ಲ. ಅಗ್ಗದ ಕೀಬೋರ್ಡುಗಳ ಒಳಗೆ ಎಲ್ಲ ಕೀಲಿಗಳಿಗೂ ಸೇರಿ ಒಂದೇ ರಬ್ಬರ್ ಹಾಳೆ, ಅದರ ಕೆಳಗೆ ತೆಳು ಪ್ಲಾಸ್ಟಿಕ್ ಪದರಗಳು ಇರುತ್ತವೆ. ಒಂದು ಅಕ್ಷರದ ಜಾಗವನ್ನಷ್ಟೇ ಸರಿಪಡಿಸಲು ಅಲ್ಲಿ ಅವಕಾಶವಿಲ್ಲ. ಹೀಗೆ ಒಂದು ಕೀಲಿಯ ತಪ್ಪಿಗೆ ಉಳಿದ ನೂರು ಕೀಲಿಗಳೂ ಕಸವಾಗುತ್ತವೆ.

ಈ ಹಿನ್ನೆಲೆಯಲ್ಲಿ ನೋಡಿದರೆ, ಈಗ ಯುವಜನರ ನಡುವೆ ಸದ್ದು ಮಾಡುತ್ತಿರುವ ಕಳಚಿ ಜೋಡಿಸಬಹುದಾದ ಅನಲಾಗ್ ಸ್ವಿಚ್‌ಗಳು ಒಳ್ಳೆಯ ಸುದ್ದಿಯೇ. ಜಾಹೀರಾತುಗಳು ಇವನ್ನು ಗೇಮಿಂಗ್ ವೇಗದ ಹೆಸರಿನಲ್ಲಿ ಮಾರುತ್ತಿವೆ. ನನಗನ್ನಿಸುವ ಪ್ರಕಾರ ಇವುಗಳ ದೊಡ್ಡ ಲಾಭ ಬೇರೆಯೇ ಇದೆ. ನಾವು ಕೊಂಡ ಸಾಧನವನ್ನು ನಾವೇ ರಿಪೇರಿ ಮಾಡಿಕೊಳ್ಳುವ, ನಮ್ಮ ಬೆರಳಿಗೆ ತಕ್ಕಂತೆ ಹೊಂದಿಸಿಕೊಳ್ಳುವ ಸ್ವಾತಂತ್ರ್ಯವನ್ನು ಇವು ಕೊಡಬಲ್ಲವು. ಆದರೆ ತಯಾರಕರು ಆ ಸ್ವಾತಂತ್ರ್ಯವನ್ನು ಅರ್ಧ ಮಾತ್ರ ಕೊಡುತ್ತಿದ್ದಾರೆ. ಉಳಿದರ್ಧವನ್ನು ಕೇಳಿ ಪಡೆಯುವವರು ನಾವಾಗಬೇಕು.

ಮೊದಲು ಈ ಸ್ವಿಚ್ ಏನೆಂದು ನೋಡೋಣ. ಮನೆಯ ದೀಪದ ಸ್ವಿಚ್ಚಿಗೆ ಗೊತ್ತಿರುವುದು ಎರಡೇ ಮಾತು: ಹೌದು, ಇಲ್ಲ. ಸ್ಕೂಟರಿನ ಆಕ್ಸಿಲರೇಟರಿಗೆ ‘ಎಷ್ಟು’ ಎಂಬುದೂ ಗೊತ್ತು. ಸಾಮಾನ್ಯ ಕೀಲಿ ದೀಪದ ಸ್ವಿಚ್ಚಿನ ಜಾತಿಗೆ ಸೇರಿದ್ದು. ಜರ್ಮನಿಯ ಚೆರ್ರಿ ಕಂಪನಿಯ ಎಂಎಕ್ಸ್ ರೆಡ್ ಸ್ವಿಚ್ಚನ್ನೇ ತೆಗೆದುಕೊಳ್ಳಿ. ಅದು ಒಟ್ಟು 4 ಮಿಲಿಮೀಟರ್ ಕೆಳಗಿಳಿಯುತ್ತದೆ. 2 ಮಿಲಿಮೀಟರ್ ಇಳಿದಾಗ ಒಳಗಿನ ಲೋಹದ ತುಣುಕುಗಳು ಒಂದಕ್ಕೊಂದು ತಾಗಿ ಅಕ್ಷರ ಮೂಡುತ್ತದೆ. ಆ 2 ಮಿಲಿಮೀಟರನ್ನು ಕಾರ್ಖಾನೆ ನಿರ್ಧರಿಸಿದೆ, ನಾವು ಬದಲಿಸಲಾಗದು.

ಅನಲಾಗ್ ಕೀಲಿ ಆಕ್ಸಿಲರೇಟರಿನ ಹಾಗೆ. ಇಂದು ಹೆಚ್ಚು ಬಳಕೆಯಲ್ಲಿರುವ ಬಗೆಯಲ್ಲಿ ಲೋಹದ ಸಂಪರ್ಕವೇ ಇಲ್ಲ. ಸ್ವಿಚ್ಚಿನಲ್ಲಿ ಇರುವುದು ಪ್ಲಾಸ್ಟಿಕ್ ಕವಚ, ಒಂದು ಸ್ಪ್ರಿಂಗ್, ಒಂದು ಪುಟ್ಟ ಆಯಸ್ಕಾಂತ. ಕೆಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆ ಸಂವೇದಕವೊಂದು ಕುಳಿತಿರುತ್ತದೆ. ಆಯಸ್ಕಾಂತ ಹತ್ತಿರ ಬಂದಂತೆ ಸಂವೇದಕದ ವೋಲ್ಟೇಜ್ ಬದಲಾಗುತ್ತದೆ, ಅದನ್ನು ಅಳೆದು ಕೀಲಿ ಎಷ್ಟು ಆಳಕ್ಕೆ ಇಳಿದಿದೆ ಎಂದು ಕೀಬೋರ್ಡು ತಿಳಿದುಕೊಳ್ಳುತ್ತದೆ. ಎಷ್ಟು ಆಳದಲ್ಲಿ ಅಕ್ಷರ ಮೂಡಬೇಕು ಎಂಬುದನ್ನು ನಾವೇ ಸಾಫ್ಟ್‌ವೇರಿನಲ್ಲಿ ಗೊತ್ತುಮಾಡಬಹುದು. ಇದರ ಮೂಲದಲ್ಲಿರುವ ಹಾಲ್ ಪರಿಣಾಮವನ್ನು 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಕಂಡುಹಿಡಿದ ಎಡ್ವಿನ್ ಹಾಲ್ ಆಗಿನ್ನೂ ವಿದ್ಯಾರ್ಥಿ. 1960ರ ದಶಕದ ಕೊನೆಗೇ ಹನಿವೆಲ್ ಕಂಪನಿ ಈ ತತ್ತ್ವದ ಕೀಬೋರ್ಡುಗಳನ್ನು ತಯಾರಿಸಿತ್ತು. ಆದರೆ ಅವುಗಳಲ್ಲಿಯೂ ಕೀಲಿಯ ಉತ್ತರ ಹೌದು-ಇಲ್ಲವೇ ಆಗಿತ್ತು. 2016ರಲ್ಲಿ ನೆದರ್ಲೆಂಡ್ಸ್‌ನ ವೂಟಿಂಗ್ ಎಂಬ ಸಣ್ಣ ಕಂಪನಿ ಕಿಕ್‌ಸ್ಟಾರ್ಟರ್ ಮೂಲಕ ಜನರಿಂದ ಹಣ ಸಂಗ್ರಹಿಸಿತು, ನಂತರ ಅನಲಾಗ್ ಕೀಬೋರ್ಡನ್ನು ಮಾರುಕಟ್ಟೆಗೆ ತಂದಿತು. ಮೊದಲು ಬೆಳಕಿನ ಸಂವೇದಕ ಬಳಸಿದ ಅದು ಆಮೇಲೆ ಆಯಸ್ಕಾಂತದ ದಾರಿ ಹಿಡಿಯಿತು. ಬೇರೆ ಕಂಪನಿಗಳೂ ಆ ದಾರಿಗೆ ಬಂದವು.

ಲೋಹ ಲೋಹಕ್ಕೆ ತಾಗದ ಕಾರಣ ಸವೆತ ಕಡಿಮೆ. ಸ್ವಿಚ್ಚಿಗೂ ಬೋರ್ಡಿಗೂ ವಿದ್ಯುತ್ ಸಂಪರ್ಕ ಇಲ್ಲದ ಕಾರಣ ಬೆಸುಗೆ ಬೇಕಿಲ್ಲ. ಕೆಟ್ಟದ್ದನ್ನು ಚಿಮಟದಿಂದ ಎಳೆದು, ಹೊಸದನ್ನು ಒತ್ತಿ ಕೂರಿಸಿದರೆ ಮುಗಿಯಿತು.

ಇಷ್ಟು ಒಳ್ಳೆಯ ಸಾಧನ ಆಟದ ವೇಗದ ಚರ್ಚೆಯಲ್ಲೇ ಸಿಕ್ಕಿಹಾಕಿಕೊಂಡಿದೆ. ಬೆರಳು ಸ್ವಲ್ಪ ಮೇಲೆದ್ದ ಕೂಡಲೇ ಕೀಲಿಯನ್ನು ಬಿಟ್ಟಂತೆ ಪರಿಗಣಿಸುವ ‘ರ‍್ಯಾಪಿಡ್ ಟ್ರಿಗರ್’ ಶೂಟಿಂಗ್ ಆಟಗಳಲ್ಲಿ ನೆರವಾಗುತ್ತದೆ, ನಿಜ. ಇದರ ಬೆನ್ನಿಗೇ ಇನ್ನೊಂದು ಸೌಲಭ್ಯ ಬಂತು. 2024ರ ಜುಲೈನಲ್ಲಿ ರೇಜರ್ ಕಂಪನಿ ‘ಸ್ನ್ಯಾಪ್ ಟ್ಯಾಪ್’ ಪರಿಚಯಿಸಿತು. ಎಡ-ಬಲದ ಎರಡೂ ಕೀಲಿಗಳು ಒಟ್ಟಿಗೆ ಒತ್ತಿದ್ದರೆ ಕೊನೆಗೆ ಒತ್ತಿದ್ದನ್ನಷ್ಟೇ ಕೀಬೋರ್ಡು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮರುತಿಂಗಳೇ ವಾಲ್ವ್ ಕಂಪನಿ ತನ್ನ ‘ಕೌಂಟರ್-ಸ್ಟ್ರೈಕ್ 2’ ಆಟದ ಅಧಿಕೃತ ಸರ್ವರ್‌ಗಳಲ್ಲಿ ಇಂಥ ಸ್ವಯಂಚಾಲಿತ ನೆರವನ್ನು ನಿಷೇಧಿಸಿತು. ಅದು ಸರಿಯಾದ ತೀರ್ಮಾನ. ನನ್ನ ಬೆರಳು ಎಷ್ಟು ಆಳಕ್ಕೆ ಹೋಯಿತು ಎಂದು ಕೀಲಿ ಅಳೆಯುವುದು ಬೇರೆ, ನಾನು ಬಿಡದ ಕೀಲಿಯನ್ನು ನನ್ನ ಪರವಾಗಿ ಅದೇ ಬಿಡುವುದು ಬೇರೆ. ವರ್ಷಗಟ್ಟಲೆ ಅಭ್ಯಾಸದಿಂದ ಬರಬೇಕಾದ ಕೈಚಳಕವನ್ನು ಹೆಚ್ಚು ದುಡ್ಡಿದ್ದವರು ಅಂಗಡಿಯಿಂದ ಕೊಂಡು ತರುವಂತಾದರೆ ಆಟಕ್ಕೇನು ಅರ್ಥ?

ಆಟದಾಚೆಗೆ ಈ ಕೀಲಿಗೆ ಎಷ್ಟೋ ಕೆಲಸಗಳಿವೆ. ಕೈ ನಡುಗುವವರು ಆಳ ಹೆಚ್ಚಿಸಿಕೊಂಡರೆ ತಪ್ಪಿ ತಾಗಿದ ಕೀಲಿ ಅಕ್ಷರವಾಗುವುದಿಲ್ಲ. ಬೆರಳಲ್ಲಿ ಬಲ ಕಡಿಮೆ ಇರುವವರು ಹಗುರ ಸ್ಪ್ರಿಂಗಿನ ಸ್ವಿಚ್ ಹಾಕಿ ಆಳ ತಗ್ಗಿಸಿಕೊಳ್ಳಬಹುದು. ದಿನವಿಡೀ ಟೈಪು ಮಾಡುವವರು ಕಿರುಬೆರಳಿನ ಕೀಲಿಗಳನ್ನಷ್ಟೇ ಮೃದುವಾಗಿಸಬಹುದು.

ಕನ್ನಡಕ್ಕೂ ಇದರಲ್ಲಿ ಒಂದು ಸಾಧ್ಯತೆ ಕಾಣುತ್ತದೆ. ಕೆ.ಪಿ. ರಾವ್ ರೂಪಿಸಿದ, ‘ನುಡಿ’ ತಂತ್ರಾಂಶದ ಮೂಲಕ ನಾವೆಲ್ಲ ಕಲಿತ ವಿನ್ಯಾಸದಲ್ಲಿ ಮಹಾಪ್ರಾಣಕ್ಕೆ ಶಿಫ್ಟ್ ಹಿಡಿಯಬೇಕು. ಕ ಮತ್ತು ಖ ಇರುವುದು ಒಂದೇ ಕೀಲಿಯಲ್ಲಿ. ಆಳವನ್ನು ಅಳೆಯುವ ಕೀಲಿಯಲ್ಲಿ ಹಗುರವಾಗಿ ಒತ್ತಿದರೆ ಕ, ಪೂರ್ತಿ ಒತ್ತಿದರೆ ಖ ಮೂಡುವಂತೆ ಮಾಡಬಹುದಲ್ಲವೇ? ಬಾಯಲ್ಲಿ ಉಸಿರು ಕೊಟ್ಟು ಹೇಳುವ ಅಕ್ಷರವನ್ನು ಬೆರಳಲ್ಲಿ ಬಲ ಕೊಟ್ಟು ಬರೆದಂತಾಗುತ್ತದೆ. ಆಳಕ್ಕೆ ಇಳಿಯುವಾಗ ಮೊದಲ ಹಂತ ದಾಟಿಯೇ ಹೋಗಬೇಕಾದ್ದರಿಂದ, ಬೆರಳು ಮೇಲೇಳುವವರೆಗೆ ಅಕ್ಷರವನ್ನು ತಡೆಹಿಡಿಯುವ ತಂತ್ರಾಂಶ ಬೇಕು. ಕೀಲಿಯ ಆಳವನ್ನು ಬೇರೆ ತಂತ್ರಾಂಶಗಳು ಓದಿಕೊಳ್ಳಲು ಅನುವಾಗುವ ಸಲಕರಣೆಯನ್ನು ವೂಟಿಂಗ್ ಮುಕ್ತವಾಗಿಯೇ ಬಿಡುಗಡೆ ಮಾಡಿದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅಂತಿಮ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವವರು ಇದನ್ನೊಮ್ಮೆ ಯೋಚಿಸಬಹುದು.

ಇನ್ನು ಕೊಡದೆ ಉಳಿಸಿಕೊಂಡ ಅರ್ಧದ ಮಾತು. ಎಂಎಕ್ಸ್ ಬಗೆಯ ಮೆಕ್ಯಾನಿಕಲ್ ಸ್ವಿಚ್‌ಗಳ ಪೇಟೆಂಟ್ ಅವಧಿ ಮುಗಿದ ಮೇಲೆ ಹಲವು ಕಂಪನಿಗಳು ಅದೇ ಅಳತೆಯವನ್ನು ತಯಾರಿಸತೊಡಗಿದವು. ಕಳಚಿ ಜೋಡಿಸುವ ಸಾಕೆಟ್ ಇರುವ ಕೀಬೋರ್ಡಿಗೆ ಒಂದು ಕಂಪನಿಯದರ ಬದಲು ಇನ್ನೊಂದರ ಸ್ವಿಚ್ ಹಾಕಿದರೆ ಬಹುತೇಕ ಕೆಲಸ ಮಾಡುತ್ತದೆ. ಆಯಸ್ಕಾಂತದ ಸ್ವಿಚ್‌ಗಳಲ್ಲಿ ಹೀಗಿಲ್ಲ. ನೋಡಲು ಒಂದೇ ಥರ ಇದ್ದರೂ ಆಯಸ್ಕಾಂತದ ಯಾವ ಧ್ರುವ ಕೆಳಗಿದೆ, ಅದರ ಬಲವೆಷ್ಟು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆಯಾಗಬಹುದು. ಹೊಂದದಿದ್ದರೆ ಸ್ವಿಚ್ ಸರಿಯಾಗಿ ಕುಳಿತರೂ ಸಂವೇದಕ ತಪ್ಪು ಲೆಕ್ಕ ಕೊಡುತ್ತದೆ. ಹೀಗಾದರೆ ಪೆಟ್ಟಿಗೆಯ ಮೇಲೆ ‘ಕಳಚಬಹುದು’ ಎಂದು ಬರೆದಿದ್ದರೂ ಬದಲಿ ಸ್ವಿಚ್ಚಿಗಾಗಿ ಅದೇ ಕಂಪನಿಯ ಬಾಗಿಲಿಗೇ ಹೋಗಬೇಕು. ಆ ಕಂಪನಿ ಮಾದರಿಯನ್ನು ನಿಲ್ಲಿಸಿದರೆ ದುಬಾರಿ ಕೀಬೋರ್ಡೂ ಅಗ್ಗದ್ದರ ಗತಿಯನ್ನೇ ಕಾಣುತ್ತದೆ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ರಿಪೇರಿ ಹಕ್ಕು’ ಕುರಿತು ಸಮಿತಿ ರಚಿಸಿತು, ಅದೇ ವರ್ಷದ ಕೊನೆಗೆ ಒಂದು ಜಾಲತಾಣವನ್ನೂ ತೆರೆಯಿತು. ಮೊಬೈಲ್, ವಾಹನ, ಗೃಹೋಪಯೋಗಿ ವಸ್ತು, ಕೃಷಿ ಉಪಕರಣಗಳು ಅದರ ವ್ಯಾಪ್ತಿಗೆ ಬಂದವು. ವಿದ್ಯಾರ್ಥಿಗಳು ದಿನವೂ ಬಳಸುವ ಕಂಪ್ಯೂಟರ್ ಬಿಡಿಭಾಗಗಳಿಗೂ ಅದೇ ಕಾಳಜಿ ಸಿಗಬೇಕು. ಆಯಸ್ಕಾಂತದ ಧ್ರುವ ಮತ್ತು ಬಲವನ್ನು ಪೆಟ್ಟಿಗೆಯ ಮೇಲೆ ಮುದ್ರಿಸುವುದು ಕಡ್ಡಾಯವಾದರೆ ತಯಾರಕರಿಗೆ ಹೆಚ್ಚು ಖರ್ಚೇನೂ ಬೀಳದು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಾತ ಅದನ್ನು ನೋಡಿ ಸರಿಯಾದ ಬಿಡಿ ಸ್ವಿಚ್ ಎತ್ತಿ ಕೊಡುವಂತಾಗಬೇಕು.

ಅಲ್ಲಿಯವರೆಗೆ ಕೊಳ್ಳುವ ಮುನ್ನ ನಾವೇ ಮೂರು ಪ್ರಶ್ನೆ ಕೇಳೋಣ. ಬಿಡಿ ಸ್ವಿಚ್‌ಗಳು ಇಲ್ಲಿ ಸಿಗುತ್ತವೆಯೇ? ಬೇರೆ ಯಾವ ಕಂಪನಿಯ ಸ್ವಿಚ್ ಇದಕ್ಕೆ ಹೊಂದುತ್ತದೆ? ನಾವು ಮಾಡಿದ ಹೊಂದಾಣಿಕೆ ಕೀಬೋರ್ಡಿನಲ್ಲೇ ಉಳಿಯುತ್ತದೆಯೇ, ಅಥವಾ ಕಂಪನಿಯ ಜಾಲತಾಣ ಮುಚ್ಚಿದರೆ ಅದೂ ಹೋಗುತ್ತದೆಯೇ? ಬರೀ ಟೈಪಿಂಗಿಗೆ, ಕೋಡಿಂಗಿಗೆ ಬೇಕಾದವರಿಗೆ ಸಾಕೆಟ್ ಇರುವ ಸಾಧಾರಣ ಮೆಕ್ಯಾನಿಕಲ್ ಕೀಬೋರ್ಡೇ ಸಾಕು. ಅನಲಾಗ್ ಬೇಕೆನ್ನುವವರು ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆಯೇ ಹಣ ಕೊಡಲಿ. ಗ್ರಾಹಕರು ಕೇಳದ ಹೊರತು ಯಾವ ತಯಾರಕನೂ ತಾನಾಗಿ ಬಾಗಿಲು ತೆರೆಯುವುದಿಲ್ಲ.