ಶಬ್ದವಿಚಾರ: ಬಸ್ಸು

‘ಬಸ್ಸು’ ಎಂದು ನಾವು ದಿನವೂ ಆಡುವ ಮಾತು ಮೂಲದಲ್ಲಿ ಪೂರ್ಣಶಬ್ದವಲ್ಲ, ಬರಿಯ ವಿಭಕ್ತಿಪ್ರತ್ಯಯವೆಂದರೆ ವಾಚಕರಿಗೆ ಸೋಜಿಗವಾದೀತು. ಲ್ಯಾಟಿನ್ ಭಾಷೆಯಲ್ಲಿ ‘ಓಮ್ನಿಬುಸ್’ ಎಂದರೆ ‘ಎಲ್ಲರಿಗೆ’. ಫ್ರಾನ್ಸ್ ದೇಶದ ನಾಂತ್ ಪಟ್ಟಣದಲ್ಲಿ 1826ರಲ್ಲಿ ಓಡತೊಡಗಿದ ಕುದುರೆಗಾಡಿಯನ್ನು ಕಾಸು ತೆತ್ತವರೆಲ್ಲರೂ ಏರಬಹುದಾಗಿತ್ತು. ಅದಕ್ಕೆ ಈ ಹೆಸರು ಸಂದಿತು. 1829ರಲ್ಲಿ ಶಿಲಿಬಿಯರ್ ಎಂಬವನು ಅಂತಹ ಗಾಡಿಯನ್ನು ಲಂಡನ್ನಿನಲ್ಲಿ ಓಡಿಸಿದನು. ಆಂಗ್ಲರ ಬಾಯಲ್ಲಿ ‘ಓಮ್ನಿ’ ಸವೆದು ‘ಬಸ್’ ಮಾತ್ರ ಉಳಿಯಿತು. ಎಂದರೆ ‘ಎಲ್ಲರು’ ಇಳಿದುಹೋಗಿ ‘ಇಗೆ’ ಎಂಬುದೊಂದೇ ಗಾಡಿಯಲ್ಲಿ ಕುಳಿತಿತು!

ಈ ಪ್ರತ್ಯಯವು ನಮಗೆ ಪರಕೀಯವಲ್ಲ. ‘ಸರ್ವೇಭ್ಯಃ’ ಎಂಬಲ್ಲಿನ ‘ಭ್ಯಃ’ ಎಂಬ ಚತುರ್ಥೀ ಬಹುವಚನಕ್ಕೆ ಅದು ದಾಯಾದಿಯೇ ಸರಿ.

ಪ್ರಕೃತಿಯನ್ನು ಮರೆತರೆ ಅರ್ಥಕ್ಕೂ ಕೇಡು. ಅಮೆರಿಕದ ಮಾಂಟ್ಗೊಮೆರಿ ನಗರದಲ್ಲಿ 1955ರಲ್ಲಿ, ಬಿಳಿಯ ಪ್ರಯಾಣಿಕನಿಗಾಗಿ ಆಸನ ಬಿಡಲೊಲ್ಲದ ರೋಸಾ ಪಾರ್ಕ್ಸ್ ಎಂಬ ಕರಿಯ ಮಹಿಳೆಯನ್ನು ಬಂಧಿಸಿದರು. ಅಲ್ಲಿಯ ಕರಿಯ ಜನರು 381 ದಿನ ಬಸ್ಸುಗಳನ್ನು ಬಹಿಷ್ಕರಿಸಿದರು. ಅನೇಕರು ಕೆಲಸಕ್ಕೆ ನಡೆದೇ ಹೋದರು. 1956ರಲ್ಲಿ ಶ್ರೇಷ್ಠ ನ್ಯಾಯಾಲಯವು ಆ ಭೇದವು ನ್ಯಾಯವಲ್ಲವೆಂದು ನಿರ್ಣಯಿಸಿತು. ಕಳಚಿಹೋಗಿದ್ದ ‘ಎಲ್ಲರು’ ಎಂಬ ಪ್ರಕೃತಿಯನ್ನು ಅವರು ಹೀಗೆ ಪ್ರತ್ಯಯಕ್ಕೆ ಮರಳಿ ಕೂಡಿಸಿದರು.

ಮಕ್ಕಳಿಗೆ ಚತುರ್ಥೀ ವಿಭಕ್ತಿಯನ್ನು ಹೇಳಿಕೊಡುವಾಗ ಮನೆಯ ಹಿರಿಯರು ಈ ಉದಾಹರಣೆಯನ್ನೂ ಸೇರಿಸಿಕೊಳ್ಳಬಹುದು.