‘ಹಳೇ ಗಾಡಿ’ ಅನ್ನುವುದು ಕಾರಣವಲ್ಲ

“ಮೇಡಂ, ಇಪ್ಪತ್ತು ವರ್ಷದ ಗಾಡಿ. ಇನ್ನೆಷ್ಟು ಕೊಡುತ್ತೆ ಅಂತೀರಿ? ಸುಮ್ನೆ ಎಕ್ಸ್‌ಚೇಂಜಿಗೆ ಹಾಕ್ಬಿಡ್ರಿ.”

ಹಿರಿಯೂರಿನ ಹೆದ್ದಾರಿ ಪಕ್ಕದ ಗ್ಯಾರೇಜೊಂದರಲ್ಲಿ ಬಾನೆಟ್ ಕೂಡ ಎತ್ತದೆ ಕೊಟ್ಟ ಉತ್ತರವಿದು. ಚಿತ್ರದುರ್ಗದಲ್ಲಿ ಇನ್ನೊಬ್ಬರು ಇದನ್ನೇ ಹೇಳಿದರು. ಹೊಸದುರ್ಗದ ನಮ್ಮ ಮನೆಯಲ್ಲಿ ಸೋದರಮಾವ ಕಾಫಿ ಕುಡಿಯುತ್ತ ಇದನ್ನೇ ಹೇಳಿದರು. ಮೂವರಲ್ಲಿ ಒಬ್ಬರೂ ಗಾಡಿ ಓಡಿಸಿ ನೋಡಲಿಲ್ಲ. ಎಷ್ಟು ಕಡಿಮೆಯಾಗಿದೆ, ಯಾವಾಗಿನಿಂದ ಎಂದು ಕೇಳಲೂ ಇಲ್ಲ. ಆ ಎರಡು ಪ್ರಶ್ನೆ ಕೇಳದೆ ಯಾರು ‘ಹಳೇದಾಯ್ತು’ ಅಂದರೂ, ಅವರು ಕಾರಣ ಹುಡುಕುವ ಕೆಲಸದಿಂದ ತಪ್ಪಿಸಿಕೊಳ್ಳುತ್ತಿದ್ದಾರೆ ಅಂತಲೇ ನನ್ನ ವಾದ.

ನಮ್ಮದು 2006ರ ಮಾರುತಿ 800. 796 ಸಿಸಿಯ ಮೂರು ಸಿಲಿಂಡರ್ ಪೆಟ್ರೋಲ್ ಎಂಜಿನ್, ಕಾರ್ಬ್ಯುರೇಟರ್ ಹೋಗಿ ಎಂಪಿಎಫ್‌ಐ ಬಂದ ಮೇಲಿನದು. ಅಪ್ಪ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದಾಗ ಸಾಲ ಮಾಡಿ ಕೊಂಡದ್ದು. ಈಗ ಅದೇ ನನ್ನ ಕ್ಷೇತ್ರಕಾರ್ಯದ ಗಾಡಿ. ಹಿರಿಯೂರು ಸೀಮೆಯ ಗೊಲ್ಲರಹಟ್ಟಿಗಳ ಹಾಡುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಹಾಡುವ ಅಜ್ಜಿಯರಿಗೆ ಬಿಡುವಾಗುವುದು ಕುರಿಗಳು ರೊಪ್ಪ ಸೇರಿ, ಮನೆಯವರದೆಲ್ಲ ಊಟವಾದ ಮೇಲೆ. ಆ ಹೊತ್ತಿಗೆ ಹಟ್ಟಿಯಿಂದ ವಾಪಸ್ ಬರಲು ಬಸ್ಸಿಲ್ಲ. ಫೆಲೋಶಿಪ್ ಹಣ ಬಂದಾಗ ಬಂತು. ಹಾಗಾಗಿ ಗಾಡಿ ಹೆಚ್ಚು ಪೆಟ್ರೋಲ್ ಕುಡಿದರೆ ನನ್ನ ಲೆಕ್ಕದಲ್ಲಿ ಅಷ್ಟು ಹಾಡು ಕಡಿಮೆ. ಒಬ್ಬ ಅಜ್ಜಿಗೆ ‘ಮುಂದಿನ ತಿಂಗಳು ಬರ್ತೀನಿ ಅಜ್ಜಿ’ ಎಂದು ಎರಡು ಸಲ ಸುಳ್ಳು ಹೇಳಿದ್ದೇನೆ. ಎರಡು ಸಲವೂ ಕಾರಣ ಪೆಟ್ರೋಲೇ.

ಮೊದಲು ಅಳತೆಯ ವಿಷಯ. ನಮ್ಮಲ್ಲಿ ಮೈಲೇಜ್ ಲೆಕ್ಕ ಅಂದರೆ ಐನೂರು ರೂಪಾಯಿಗೆ ಹಾಕಿಸಿ ಮುಳ್ಳು ಕೆಳಗೆ ಬೀಳುವವರೆಗೆ ಓಡಿಸುವುದು. ಆ ಮುಳ್ಳು ಏರಿನಲ್ಲಿ ಒಂದು ಹೇಳುತ್ತದೆ, ಇಳಿಜಾರಿನಲ್ಲಿ ಇನ್ನೊಂದು. ಒಂದೇ ಬಂಕಿನಲ್ಲಿ, ನಾಝಲ್ ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ, ಮೀಟರ್ ಬರೆದುಕೊಂಡು, ಇನ್ನೂರು ಕಿಲೋಮೀಟರಿಗೆ ಕಡಿಮೆಯಿಲ್ಲದಂತೆ ಓಡಿಸಿ, ಮತ್ತೆ ಅಲ್ಲೇ ಅಷ್ಟೇ ತುಂಬಿಸಬೇಕು. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಬೇಕು. ಒಂದು ಸಲ ಮಾಡಿದರೆ ಸಾಲದು, ಮೂರು ಸಲ ಮಾಡಬೇಕು. ಹೊಸದುರ್ಗದಿಂದ ಹೊಳಲ್ಕೆರೆ, ಚಿತ್ರದುರ್ಗ, ಹಿರಿಯೂರು ಸುತ್ತಿ ಮತ್ತೆ ಹೊಸದುರ್ಗಕ್ಕೆ ಬರುವ ದಾರಿಯನ್ನೇ ನಾನು ಇದಕ್ಕೆ ಹಿಡಿದೆ. ಊರೊಳಗಿನ ಓಡಾಟ, ಹೆದ್ದಾರಿ, ಏರು, ಇಳಿಜಾರು ಎಲ್ಲ ಅದರಲ್ಲಿದೆ. ಸರಾಸರಿ ಬಂದದ್ದು ಲೀಟರಿಗೆ 11.8 ಕಿಲೋಮೀಟರ್.

ಇದು ಕಡಿಮೆಯೋ ಅಲ್ಲವೋ ಎನ್ನಲು ಹಿಂದಿನದು ಗೊತ್ತಿರಬೇಕು. ಅಲ್ಲಿ ಅಪ್ಪನ ನೋಟ್‌ಬುಕ್ ಕೈಹಿಡಿಯಿತು. ಸಂಬಳದ ದಿನ, ಆಮೇಲೆ ಪಿಂಚಣಿಯ ದಿನ, ಟ್ಯಾಂಕ್ ತುಂಬಿಸಿ ತಾರೀಕು, ಮೀಟರ್, ಲೀಟರ್ ಬರೆಯುವುದು ಅವರ ರೂಢಿ. ಮನೆಯವರೆಲ್ಲ ನಕ್ಕಿದ್ದೆವು. ಕೂತು ಲೆಕ್ಕ ಹಾಕಿದೆ. ಹತ್ತು ವರ್ಷದಲ್ಲಿ 17.1ರಿಂದ 16.4ಕ್ಕೆ ನಿಧಾನವಾಗಿ ಇಳಿದಿತ್ತು. ವಯಸ್ಸು ಅಂದರೆ ಅದು. ಆದರೆ 2025ರ ಏಪ್ರಿಲ್‌ವರೆಗೆ 16ರ ಮೇಲಿದ್ದದ್ದು ಮೇ ತಿಂಗಳಿಗೆ 12ಕ್ಕೆ ಬಿದ್ದಿತ್ತು! ಒಂದೇ ತಿಂಗಳಲ್ಲಿ ಯಾವ ಗಾಡಿಗೂ ಮುಪ್ಪು ಬರುವುದಿಲ್ಲ. ಆ ತಿಂಗಳು ಏನೋ ನಡೆದಿತ್ತು.

ಇಲ್ಲಿ ಎರಡನೇ ಸಿದ್ಧ ಉತ್ತರ ಬರುತ್ತದೆ. “ಎಲ್ಲ ಎಥನಾಲ್ ಮಹಿಮೆ.” 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಉದ್ಘಾಟನೆಯಾದ ಇ20 ಪೆಟ್ರೋಲ್ 2025ರ ಹೊತ್ತಿಗೆ ನಮ್ಮ ಬಂಕುಗಳಿಗೂ ಬಂತು. ಸಿಟ್ಟು ನನಗೂ ಇದೆ. ನನ್ನ ಗಾಡಿ ಆ ಇಂಧನಕ್ಕಾಗಿ ಮಾಡಿದ್ದಲ್ಲ, ಬಂಕಿನಲ್ಲಿ ಬೇರೆ ಆಯ್ಕೆ ಇಲ್ಲ, ಹಳೆಯ ರಬ್ಬರ್ ಪೈಪುಗಳ ಚಿಂತೆ ಬೇರೆ. ಆದರೆ ಸಿಟ್ಟಿಗೂ ಲೆಕ್ಕ ಬೇಕಲ್ಲ. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆ. ನೂರರಲ್ಲಿ ಇಪ್ಪತ್ತು ಪಾಲು ಬೆರೆಸಿದರೆ ಆಗುವ ನಷ್ಟ ಶೇ. 6–7. ನೀತಿ ಆಯೋಗದ 2021ರ ವರದಿಯೇ ಹಳೆಯ ಮಾದರಿಯ ಕಾರುಗಳಿಗೆ ಹೆಚ್ಚುಕಡಿಮೆ ಇಷ್ಟನ್ನು ಒಪ್ಪಿಕೊಂಡಿದೆ. ಅದನ್ನು ಪೂರ್ತಿ ಎಥನಾಲ್ ಖಾತೆಗೆ ಹಾಕಿದರೂ 16.4 ಇದ್ದದ್ದು 15.2ಕ್ಕೆ ಇಳಿಯಬೇಕು. ನನ್ನದು 11.8. ಉಳಿದದ್ದು ಎಲ್ಲಿ ಹೋಯಿತು? ಎಲ್ಲವನ್ನೂ ಎಥನಾಲ್ ತಲೆಗೆ ಕಟ್ಟುವವರು ಸರ್ಕಾರವನ್ನು ಬೈದೆವೆಂದು ತಿಳಿದಿದ್ದಾರೆ. ಲೆಕ್ಕ ತಪ್ಪಿದರೆ ಸರ್ಕಾರಕ್ಕೆ ಆ ಬೈಗುಳವನ್ನು ತಳ್ಳಿಹಾಕುವುದು ಸುಲಭವಾಗುತ್ತದೆ, ಅಷ್ಟೇ.

ಒಂದು ಸಲಕ್ಕೆ ಒಂದೇ ಬದಲಾವಣೆ ಎಂದು ನಿಯಮ ಹಾಕಿಕೊಂಡೆ. ಟೈರುಗಳಲ್ಲಿ ಗಾಳಿ ಕಡಿಮೆ ಇತ್ತು. ತುಂಬಿಸಿದೆ, 12.1 ಆಯಿತು. ಜಾಕ್ ಹಾಕಿ ಚಕ್ರಗಳನ್ನು ಕೈಯಲ್ಲಿ ತಿರುಗಿಸಿ ನೋಡಿದೆ, ಬ್ರೇಕ್ ಎಲ್ಲೂ ಹಿಡಿದಿರಲಿಲ್ಲ. ಏರ್ ಫಿಲ್ಟರ್ ಧೂಳು ಹಿಡಿದಿತ್ತು. ಬದಲಿಸಿದೆ, ಎಳೆತ ಹೆಚ್ಚಾಯಿತು, ಮೈಲೇಜ್ ಅಲ್ಲೇ ಇತ್ತು. ಕಾರ್ಬ್ಯುರೇಟರ್ ಗಾಡಿಗಳಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಪೆಟ್ರೋಲ್ ಹೆಚ್ಚು ಎಳೆಯುತ್ತದೆ. ಎಂಪಿಎಫ್‌ಐನಲ್ಲಿ ಒಳಬರುವ ಗಾಳಿಗೆ ತಕ್ಕಂತೆ ಕಂಪ್ಯೂಟರ್ ಪೆಟ್ರೋಲನ್ನೂ ಕಡಿಮೆ ಮಾಡುತ್ತದೆ. ಆದರೂ ಪ್ರತಿ ಗ್ಯಾರೇಜೂ ಮೊದಲು ಮಾರುವುದು ಫಿಲ್ಟರನ್ನೇ.

ಮತ್ತೆ ನೋಟ್‌ಬುಕ್‌ಗೆ ಹೋದೆ. ಏಪ್ರಿಲ್ ಪುಟದ ಅಂಚಿನಲ್ಲಿ ಅಪ್ಪನ ಅಕ್ಷರ: ‘ಗಾಡಿ ಹೀಟ್. ಗ್ಯಾರೇಜ್ 650.’ ಏನು ಮಾಡಿದರು ಎಂದು ಕೇಳಿದರೆ ಅಪ್ಪ, “ಅದೇನೋ ವಾಲ್ವ್ ತೆಗೆದ್ರು ಕಣಮ್ಮ, ಆಮೇಲೆ ಹೀಟೇ ಆಗ್ಲಿಲ್ಲ” ಅಂದರು. ಹೀಟೇ ಆಗಲಿಲ್ಲ! ಮರುದಿನ ಬೆಳಗಿನ ಐದಕ್ಕೆ ಹೊರಟೆ. ಹಿರಿಯೂರು ತಲುಪಿದರೂ ಟೆಂಪರೇಚರ್ ಮುಳ್ಳು ‘ಸಿ’ ಅಕ್ಷರ ಬಿಟ್ಟು ಅಲ್ಲಾಡಿರಲಿಲ್ಲ.

ಆ ವಾಲ್ವ್ ಥರ್ಮೋಸ್ಟಾಟ್. ಎಂಜಿನ್ ತಣ್ಣಗಿರುವಾಗ ಅದು ಮುಚ್ಚಿಕೊಂಡು ನೀರು ರೇಡಿಯೇಟರಿಗೆ ಹೋಗದಂತೆ ತಡೆಯುತ್ತದೆ, 80 ಡಿಗ್ರಿ ದಾಟಿದ ಮೇಲೆ ತೆರೆದುಕೊಳ್ಳುತ್ತದೆ. ಅದನ್ನು ಕಿತ್ತರೆ ಮೊದಲ ನಿಮಿಷದಿಂದಲೇ ನೀರು ರೇಡಿಯೇಟರ್ ಸುತ್ತುತ್ತದೆ. ನಮ್ಮ ಗಾಳಿಯಂತ್ರದ ಗುಡ್ಡಗಳ ಗಾಳಿಯೂ ಸೇರಿದರೆ ಎಂಜಿನ್ ಬೇಕಾದಷ್ಟು ಬಿಸಿಯಾಗುವುದೇ ಇಲ್ಲ. ತಣ್ಣಗಿದೆ ಎಂದು ಸೆನ್ಸರ್ ಹೇಳುವಷ್ಟು ಹೊತ್ತೂ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಬಿಡುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕೆಲವು ನಿಮಿಷ ನಡೆಯಬೇಕಾದ ಕೆಲಸ ಇಡೀ ದಾರಿ ನಡೆಯುತ್ತದೆ. ಪರೀಕ್ಷೆಗೆ ಯಂತ್ರವೂ ಬೇಡ. ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಪೈಪನ್ನು, ಫ್ಯಾನಿಗೆ ಕೈ ತಾಗದಂತೆ, ಆಗಾಗ ಮುಟ್ಟಿ ನೋಡಿ. ವಾಲ್ವ್ ಇದ್ದರೆ ಮೊದಲ ಕೆಲವು ನಿಮಿಷ ತಣ್ಣಗಿದ್ದು ಆಮೇಲೆ ಬೇಗನೆ ಬಿಸಿಯಾಗುತ್ತದೆ. ಇಲ್ಲದಿದ್ದರೆ ಶುರುವಿನಿಂದಲೇ ಉಗುರುಬೆಚ್ಚಗೆ ಏರುತ್ತ ಹೋಗುತ್ತದೆ.

ಹೊಳಲ್ಕೆರೆಯ ಮೆಕ್ಯಾನಿಕ್ ಒಬ್ಬರಿಗೆ ಇದೆಲ್ಲ ಹೇಳಿ, “ಒಂದು ಗಂಟೆ ನೋಡಿ ಅಣ್ಣ, ನೋಡಿದ್ದಕ್ಕೇ ದುಡ್ಡು ಕೊಡ್ತೀನಿ” ಅಂದೆ. ಅವರು ನಕ್ಕರು. “ನೋಡಿದ್ದಕ್ಕೆ ಯಾರೂ ಕೊಡಲ್ಲಮ್ಮ. ಸಾಮಾನು ಹಾಕಿದ್ರೆ ಮಾತ್ರ ಕೊಡ್ತಾರೆ.” ಬಿಚ್ಚಿದರು. ವಾಲ್ವ್ ಇರಲಿಲ್ಲ. “ಬೇಸಿಗೇಲಿ ಹೀಟ್ ಅಂತ ಬಂದ್ರೆ ನಾವೆಲ್ಲ ಇದನ್ನೇ ಕೀಳ್ತೀವಿ” ಎಂದು ಒಪ್ಪಿಕೊಂಡರು. ರೇಡಿಯೇಟರ್ ಒಳಗೆ ಬಿಳಿ ಪದರ ಗಟ್ಟಿಯಾಗಿ ಕೂತಿತ್ತು, ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ತಳದ ಹಾಗೆ. ಕೂಲಂಟ್ ಹಾಕುವ ಕಡೆ ವರ್ಷಗಟ್ಟಲೆ ನಮ್ಮ ಜಿಲ್ಲೆಯ ಗಡಸು ನೀರನ್ನು ಸುರಿದವರು ನಾವೇ. ಗಾಡಿ ಹೀಟ್ ಆಗಿದ್ದಕ್ಕೆ ಅದು ಕಾರಣ. ಆ ಕಾರಣವನ್ನು ಮುಚ್ಚಲು ವಾಲ್ವ್ ಕಿತ್ತರು. ವಾಲ್ವ್ ಕಿತ್ತದ್ದಕ್ಕೆ ಪೆಟ್ರೋಲ್ ಹೋಯಿತು. ಪೆಟ್ರೋಲ್ ಹೋದದ್ದಕ್ಕೆ ಗಾಡಿಯನ್ನೇ ಮಾರಿ ಅಂದರು.

ರೇಡಿಯೇಟರ್ ತೊಳೆಸಿ, ಹೊಸ ವಾಲ್ವ್, ಕೂಲಂಟ್ ಹಾಕಿಸಿದೆ. ನೋಡಿದ ಗಂಟೆಯ ಕೂಲಿಯೂ ಸೇರಿ ಎರಡು ಸಾವಿರ ಚಿಲ್ಲರೆ. ಈಗ ಅದೇ ದಾರಿಯಲ್ಲಿ 14.9. ಕಳೆದುಹೋದ 4.6ರಲ್ಲಿ 3.1 ಮರಳಿ ಬಂತು. ಉಳಿದ ಒಂದೂವರೆಯಲ್ಲಿ ಎಥನಾಲಿಗೂ ವಯಸ್ಸಿಗೂ ಪಾಲಿದೆ ಎಂದು ಒಪ್ಪುತ್ತೇನೆ. ತಿಂಗಳಿಗೆ 800 ಕಿಲೋಮೀಟರ್ ಓಡಿಸುವ ನನಗೆ 14 ಲೀಟರ್ ಉಳಿತಾಯ. ಲೀಟರಿಗೆ ನೂರು ರೂಪಾಯಿ ದಾಟಿದ ಕಾಲದಲ್ಲಿ ರಿಪೇರಿ ಖರ್ಚು ಎರಡೇ ತಿಂಗಳಲ್ಲಿ ಹುಟ್ಟಿತು.

ಮೆಕ್ಯಾನಿಕ್‌ಗಳನ್ನು ಬೈಯುವುದು ಸುಲಭ. ಆದರೆ ನೋಡಿದ್ದಕ್ಕೆ ಕೂಲಿ ಕೊಡದ ಗಿರಾಕಿಗಳು ನಾವು. ಸಾಮಾನು ಬದಲಿಸಿದರೆ ಮಾತ್ರ ಕೆಲಸವಾಯಿತೆಂದು ನಂಬಿದವರೂ ನಾವೇ. ಹೊಗೆ ತಪಾಸಣೆಯ ಕತೆಯೂ ಇದೇ. ಪೆಟ್ರೋಲ್ ಪೂರ್ತಿ ಉರಿಯದಿದ್ದರೆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ನಮ್ಮಂಥವರ ಕೈಗೆಟುಕುವ ಬೆಲೆಯಲ್ಲಿ ಎಂಜಿನ್ ಒಳಗಿನ ಸುದ್ದಿ ಹೇಳಬಲ್ಲ ಯಂತ್ರ ಅದೊಂದೇ. ಹೋದ ಸಲ ರಸ್ತೆ ಬದಿಯ ವ್ಯಾನಿನಲ್ಲಿ ಕೊಳವೆಯನ್ನು ಸೈಲೆನ್ಸರಿಗೆ ಹಾಕದೆಯೇ ಚೀಟಿ ಕೊಟ್ಟರು. ಬೇಗ ಆಯಿತಲ್ಲ ಎಂದು ನಾನೂ ಖುಷಿಯಿಂದ ತಂದೆ. ನಮಗೆ ಬೇಕಾದದ್ದು ಚೀಟಿ, ಅದರ ಮೇಲಿನ ಸಂಖ್ಯೆಯಲ್ಲ. ಸಂಶೋಧನೆಯ ಲೋಕದಲ್ಲಿರುವ ನನಗೆ ಈ ಕಾಯಿಲೆ ಹೊಸದೇನಲ್ಲ.

ಸರ್ಕಾರದ ಲೆಕ್ಕವೂ ವಯಸ್ಸಿನಿಂದಲೇ ಶುರುವಾಗುತ್ತದೆ. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 5,000 ರೂಪಾಯಿ ನಿಗದಿ ಮಾಡಿದರು. ಅಷ್ಟು ಪಡೆದ ಮೇಲೆ ಎಂಜಿನ್ ನಿಜಕ್ಕೂ ಹೇಗಿದೆ ಎಂದು ಅಳೆದು, ಆ ಅಂಕಿಗಳನ್ನು ಮಾಲೀಕರ ಕೈಗೆ ಕೊಡಬೇಕು. ಹೊಗೆ ಉಗುಳುವ ಐದು ವರ್ಷದ ಗಾಡಿಯನ್ನು ಬಿಟ್ಟು ಸರಿಯಾಗಿ ಉರಿಯುವ ಇಪ್ಪತ್ತು ವರ್ಷದ ಗಾಡಿಯನ್ನು ಗುಜರಿಗೆ ತಳ್ಳಿದರೆ ಗಾಳಿಗೆ ಯಾವ ಲಾಭವೂ ಇಲ್ಲ. ಲಾಭವೇನಿದ್ದರೂ ಷೋರೂಮಿನವರಿಗೆ, ಸಾಲ ಕೊಡುವವರಿಗೆ.

ನಿಮ್ಮ ಗಾಡಿಯ ಬಗ್ಗೆಯೂ ನಾಳೆ ಯಾರಾದರೂ ‘ಹಳೇದಾಯ್ತು’ ಅನ್ನುತ್ತಾರೆ. ಯಾವ ತಿಂಗಳಿಂದ ಎಂದು ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಇವತ್ತೇ ಒಂದು ನೋಟ್‌ಬುಕ್ ಶುರು ಮಾಡಿ. ನಮ್ಮ ಗಾಡಿಯ ಹೊಗೆ ತಪಾಸಣೆಯ ಅವಧಿ ಬರುವ ತಿಂಗಳು ಮುಗಿಯುತ್ತದೆ. ಈ ಸಲ ಕೊಳವೆ ಒಳಗೆ ಹಾಕಿಸಿ, ಎದುರಿಗೇ ನಿಂತು, ಬಂದ ಸಂಖ್ಯೆ ಬರೆದುಕೊಳ್ಳುತ್ತೇನೆ. ಅಪ್ಪ ಆಗಲೇ ಅದಕ್ಕೊಂದು ಹೊಸ ಕಾಲಂ ಎಳೆದಿಟ್ಟಿದ್ದಾರೆ.